ಗೋಡೆಗೆ ಬಣ್ಣ ಹಚ್ಚುವ ಮೊದಲು

ಪ್ರಶ್ನೆ: ನಮ್ಮದು ಊರಿನ ಹಳೇ ಬಡಾವಣೆ. ಕಾರ್ಖಾನೆ ಮುಚ್ಚಿದ ಮೇಲೆ ತುಂಬಾ ಜನ ಬಿಟ್ಟು ಹೋದರು. ಸಾಲಾಗಿ ಮನೆಗಳಿಗೆ ಬೀಗ ಬಿದ್ದಿದೆ. ಎರಡು ಖಾಲಿ ಸೈಟುಗಳಲ್ಲಿ ಕಸದ ಗುಡ್ಡೆ. ಬೀದಿದೀಪ ಉರಿದರೆ ಉರಿಯಿತು, ಇಲ್ಲದಿದ್ದರೆ ಇಲ್ಲ. ನಾವು ಒಂದಷ್ಟು ಹುಡುಗ ಹುಡುಗಿಯರು ಸೇರಿ ಗೋಡೆಗಳಿಗೆಲ್ಲ ದೊಡ್ಡ ಚಿತ್ರ ಬರೆದು ಏರಿಯಾದ ಮುಖವನ್ನೇ ಬದಲಾಯಿಸಬೇಕು ಅಂತಿದ್ದೇವೆ. ಬಣ್ಣ ಕೊಡುವವರೂ ಸಿಕ್ಕಿದ್ದಾರೆ. ಆದರೆ ಹಿರಿಯರು ‘ಚಿತ್ರ ನೋಡಿದರೆ ಹೊಟ್ಟೆ ತುಂಬುತ್ತಾ’ ಅಂತಾರೆ. ಬಾಡಿಗೆಗೆ ಇರುವವರು, ಏರಿಯಾ ಚೆಂದ ಆದರೆ ಬಾಡಿಗೆ ಏರುತ್ತೆ, ಮೊದಲು ಗಂಟುಮೂಟೆ ಕಟ್ಟಬೇಕಾಗಿರೋದು ನಾವೇ ಅಂತ ಹೆದರಿದ್ದಾರೆ. ಇಂಥ ಕೆಲಸದಿಂದ ನಿಜವಾಗಿ ಏನಾದರೂ ಬದಲಾಗುತ್ತಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಬದಲಾಗುತ್ತೆ. ಅದಕ್ಕೆ ಪುರಾವೆಯೂ ಇದೆ, ಮುಂದೆ ಹೇಳುತ್ತೇನೆ. ಆದರೆ ಬಣ್ಣದ ಡಬ್ಬಿ ಸದ್ಯಕ್ಕೆ ತೆರೆಯಬೇಡಿ. ನಿಮ್ಮ ಹಿರಿಯರೂ ಬಾಡಿಗೆದಾರರೂ ಹೇಳುತ್ತಿರುವ ಮಾತನ್ನು ಅಡ್ಡಗಾಲು ಅಂತ ತಿಳಿಯಬೇಡಿ. ನಿಮ್ಮ ಕೆಲಸದ ಮುಖ್ಯ ಪ್ರಶ್ನೆಗಳನ್ನು ಅವರು ಈಗಾಗಲೇ ಕೇಳಿಬಿಟ್ಟಿದ್ದಾರೆ. ಇದು ಯಾರಿಗಾಗಿ? ಜಾಗಕ್ಕೆ ಬೆಲೆ ಬಂದಾಗ ಆ ಬೆಲೆ ಯಾರ ಪಾಲಾಗುತ್ತೆ? ಇವೆರಡಕ್ಕೆ ಉತ್ತರ ಇಲ್ಲದೆ ಬರೆದ ಚಿತ್ರ ಎಷ್ಟೇ ಸೊಗಸಾಗಿದ್ದರೂ ಆ ಬೀದಿಯವರಿಗೆ ಹೊರೆಯಾಗಬಹುದು.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಇಹ್ವಾ ಅಂತ ಗುಡ್ಡದ ಮೇಲಿನ ಬಡಾವಣೆ ಇದೆ. ಕಿರಿದಾದ ಓಣಿಗಳು, ಕಡಿದಾದ ಮೆಟ್ಟಿಲುಗಳು. 2006ರಲ್ಲಿ ಸರ್ಕಾರದ ಕಲಾ ಯೋಜನೆಯಲ್ಲಿ ಅಲ್ಲಿನ ಗೋಡೆಗಳಿಗೂ ಮೆಟ್ಟಿಲುಗಳಿಗೂ ಚಿತ್ರ ಬಂತು. ಬಡಾವಣೆ ಹೆಸರು ಮಾಡಿತು. ಫೋಟೋ ತೆಗೆಸಿಕೊಳ್ಳಲು ಜನ ಹಿಂಡು ಹಿಂಡಾಗಿ ಬಂದರು. ಹೊತ್ತಿಲ್ಲ ಗೊತ್ತಿಲ್ಲ, ಮನೆ ಬಾಗಿಲಲ್ಲೇ ಗಲಾಟೆ, ಕಸ. ಕೊನೆಗೆ 2016ರಲ್ಲಿ ಅಲ್ಲಿಯ ಕೆಲವು ನಿವಾಸಿಗಳೇ ಹೂವಿನ ಮೆಟ್ಟಿಲು, ಮೀನಿನ ಮೆಟ್ಟಿಲುಗಳ ಮೇಲೆ ಬಣ್ಣ ಬಳಿದು ಚಿತ್ರ ಅಳಿಸಿಬಿಟ್ಟರು. ಅವರ ಮೇಲೆ ಕೇಸು ಬಿತ್ತು. ತಮ್ಮ ಮನೆ ಮುಂದಿನ ಚಿತ್ರವನ್ನು ರಾತ್ರೋರಾತ್ರಿ ಅಳಿಸುವಷ್ಟು ಬೇಸರ ಅವರಿಗೆ ಯಾಕೆ ಬಂತು ಅಂತ ಯೋಚಿಸಿ. ಚಿತ್ರ ಕೆಟ್ಟದಾಗಿತ್ತು ಅಂತಲ್ಲ. ಅದರಿಂದಾದ ತೊಂದರೆ ಅವರ ಪಾಲಿಗೆ ಬಂತು, ತೀರ್ಮಾನ ಮಾತ್ರ ಅವರ ಕೈಯಲ್ಲಿ ಇರಲಿಲ್ಲ.

ಈಗ ಇದಕ್ಕೆ ತದ್ವಿರುದ್ಧವಾದ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಬಡಾವಣೆಗೆ ತುಂಬಾ ಹತ್ತಿರದ್ದು.

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಟಾಕ್ಸ್‌ಟೆತ್ ಪ್ರದೇಶದಲ್ಲಿ ಗ್ರ್ಯಾನ್‌ಬಿ ಅನ್ನುವ ಜಾಗ. ಬಂದರಿನ ಕೆಲಸ ಕಡಿಮೆಯಾಗಿ ಊರು ಸೊರಗಿತ್ತು. 1981ರಲ್ಲಿ ದೊಡ್ಡ ಗಲಭೆ ನಡೆಯಿತು. ಆಮೇಲಿನ ವರ್ಷಗಳಲ್ಲಿ ನಗರಾಡಳಿತ ಒಂದೊಂದೇ ಮನೆ ಕೊಂಡು, ಖಾಲಿ ಮಾಡಿಸಿ, ಕಿಟಕಿ ಬಾಗಿಲಿಗೆ ಹಲಗೆ ಹೊಡೆಸಿತು. ಕೆಡವಿ ಹೊಸದು ಕಟ್ಟುತ್ತೇವೆ ಅಂತ ಮಾತು. ಅಕ್ಕಪಕ್ಕದ ಬೀದಿಗಳು ನೆಲಸಮ ಆದವು. ಉಳಿದದ್ದು ನಾಲ್ಕೇ ಬೀದಿ, ಅಲ್ಲೂ ಹೆಚ್ಚಿನ ಮನೆಗಳು ಖಾಲಿ. ಕಸ ಎತ್ತುವವರೂ ಸರಿಯಾಗಿ ಬರುತ್ತಿರಲಿಲ್ಲ.

ಅಲ್ಲಿ ಉಳಿದುಕೊಂಡ ಕೆಲವರು, ಅದರಲ್ಲೂ ಹೆಂಗಸರು, ಮೊದಲು ಮಾಡಿದ್ದು ಪೊರಕೆ ಹಿಡಿದದ್ದು. ತಮ್ಮ ಮನೆ ಮುಂದೆ ಗುಡಿಸಿ, ಖಾಲಿ ಮನೆಗಳ ಮುಂದೆಯೂ ಗುಡಿಸಿದರು. ಕುಂಡಗಳಲ್ಲಿ ಗಿಡ ಇಟ್ಟರು. ಹಲಗೆ ಹೊಡೆದ ಕಿಟಕಿಗಳ ಮೇಲೆ ಪರದೆ, ಹೂವು ಎಲ್ಲ ಬರೆದರು. ಬೀದಿಯಲ್ಲೇ ಸಂತೆ ಶುರು ಮಾಡಿದರು. ಬಿಟ್ಟು ಹೋದವರು ಕೂಡ ಸಂತೆಗೆ ಬರತೊಡಗಿದರು. ಇಷ್ಟಕ್ಕೇ ನಿಲ್ಲಿಸಿದ್ದರೆ ‘ಪಾಪ, ಚೆನ್ನಾಗಿ ಮಾಡಿದರು’ ಅನ್ನೋ ಮಟ್ಟದ ಸುದ್ದಿಯಾಗಿ ಮರೆತುಹೋಗುತ್ತಿತ್ತು. ಅವರು ನಿಲ್ಲಿಸಲಿಲ್ಲ. 2011ರಲ್ಲಿ ಸಮುದಾಯ ಭೂ ಟ್ರಸ್ಟ್, ಅಂದರೆ ನೆಲವನ್ನು ಬಡಾವಣೆಯ ಜನರ ಪರವಾಗಿ ಇಟ್ಟುಕೊಳ್ಳುವ ಒಂದು ಸಂಸ್ಥೆ, ನೋಂದಾಯಿಸಿದರು. ಆಡಳಿತದ ಹತ್ತಿರ ಹೋಗಿ, ಕೆಡವಬೇಡಿ, ಮನೆಗಳನ್ನು ನಮಗೆ ಕೊಡಿ, ನಾವೇ ರಿಪೇರಿ ಮಾಡಿ ನಮ್ಮವರಿಗೆ ಕೊಡುತ್ತೇವೆ ಅಂದರು. ಹತ್ತು ಮನೆ ಸಿಕ್ಕಿತು.

ಅಸೆಂಬಲ್ ಅನ್ನುವ ಯುವ ವಾಸ್ತುಶಿಲ್ಪಿಗಳ ತಂಡ ಬಂದದ್ದು ಟ್ರಸ್ಟ್ ಕಟ್ಟಿದ ಮೇಲೆ. ಬಂದವರು ಹೊಸ ನಕ್ಷೆ ಹಿಡಿದುಕೊಂಡು ಬರಲಿಲ್ಲ. ಜನ ಆಗಲೇ ಮಾಡಿದ್ದನ್ನು ನೋಡಿ ಅದನ್ನೇ ಮುಂದುವರಿಸಿದರು. ಕೆಡವಿದ ಮನೆಗಳ ಇಟ್ಟಿಗೆ, ಕಲ್ಲಿನ ಚೂರುಗಳನ್ನು ಕಾಂಕ್ರೀಟಿಗೆ ಬೆರೆಸಿ, ಉಜ್ಜಿ ನುಣುಪು ಮಾಡಿ, ಹೊಸದಾದ ಮನೆಗಳ ಅಗ್ಗಿಷ್ಟಿಕೆಗೆ ಚೌಕಟ್ಟು ಮಾಡಿದರು. ಆ ಮನೆಗೆ ಬಂದವರ ಕೋಣೆಯಲ್ಲಿ ಅದೇ ಬೀದಿಯ ಹಳೇ ಗೋಡೆಯ ತುಣುಕುಗಳು ಹೊಳೆಯುತ್ತವೆ. ಆ ಕೆಲಸ ಬೆಳೆದು ಹೆಂಚು, ಪಿಂಗಾಣಿ ಮಾಡುವ ಕಾರ್ಯಾಗಾರವಾಯಿತು, ಅಲ್ಲಿನವರಿಗೆ ಅದರಲ್ಲಿ ಕೆಲಸ ಸಿಕ್ಕಿತು. 2015ರಲ್ಲಿ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿ ಟರ್ನರ್ ಪ್ರೈಜ್ ಈ ಕೆಲಸಕ್ಕೇ ಬಂತು. ಒಳಗಿನ ಮಹಡಿಯೆಲ್ಲ ಕುಸಿದುಹೋಗಿದ್ದ ಎರಡು ಮನೆಗಳನ್ನು ಸೇರಿಸಿ ಒಳಾಂಗಣ ತೋಟ ಮಾಡಿದರು, 2019ರಲ್ಲಿ ಅದು ತೆರೆಯಿತು.

ಪ್ರಶಸ್ತಿಗಿಂತ ಅಲ್ಲಿ ನಡೆದದ್ದರ ಕ್ರಮ ನನಗೆ ಮುಖ್ಯ. ಮೊದಲು ಪೊರಕೆ, ಆಮೇಲೆ ಗಿಡ, ಸಂತೆ, ಟ್ರಸ್ಟ್. ಕಲಾವಿದರು ಬಂದದ್ದು ಆಮೇಲೆ. ಹೆಚ್ಚಿನ ಯೋಜನೆಗಳಲ್ಲಿ ಇದು ಪೂರ್ತಿ ತಲೆಕೆಳಗು. ಕಲಾವಿದರು ಮೊದಲು ಬರುತ್ತಾರೆ, ಜನರನ್ನು ಉದ್ಘಾಟನೆಗೆ ಕರೆಯುತ್ತಾರೆ.

‘ನಾವು ಜನರ ಅಭಿಪ್ರಾಯ ಕೇಳಿದ್ದೇವಲ್ಲ’ ಅಂತ ಹೇಳುವವರಿಗೂ ಕಮ್ಮಿಯಿಲ್ಲ. ಅಮೆರಿಕದ ನಗರ ನೀತಿ ಚಿಂತಕಿ ಶೆರಿ ಆರ್ನ್‌ಸ್ಟೀನ್ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಬಿಡಿಸಿ ತೋರಿಸಿದರು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು ಎಲ್ಲ ಏಣಿಯ ನಡುವಿನ ಮೆಟ್ಟಿಲುಗಳು, ಆಕೆಯ ಪ್ರಕಾರ ಅವೆಲ್ಲ ತೋರಿಕೆಗೆ. ‘ಬೇಡ’ ಅನ್ನುವ ಅಧಿಕಾರ ಜನರಿಗೆ ಸಿಗುವುದು ಅದಕ್ಕೂ ಮೇಲೆ. ನಿಮ್ಮ ತಂಡ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಬೀದಿಯವರು ಸೇರಿ ‘ನಮಗೆ ಚಿತ್ರ ಬೇಡ, ದೀಪ ಬೇಕು’ ಅಂದರೆ ನೀವು ಒಪ್ಪುತ್ತೀರಾ? ಒಪ್ಪುವುದಾದರೆ ಮಾತ್ರ ಸಭೆ ಕರೆಯಿರಿ. ಇಲ್ಲವಾದರೆ ಸುಮ್ನೆ ಜನರ ಸಮಯ ಹಾಳು ಮಾಡಬೇಡಿ.

ಇನ್ನು ನಿಮ್ಮ ಖಾಲಿ ಸೈಟುಗಳು. ನಾನಾಗಿದ್ದರೆ ಗೋಡೆ ಬಿಟ್ಟು ಇಲ್ಲಿಂದಲೇ ಶುರು ಮಾಡುತ್ತಿದ್ದೆ. ಯಾಕೆಂದರೆ ಈ ವಿಷಯದಲ್ಲಿ ಗಟ್ಟಿ ಪುರಾವೆ ಇದೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಸಂಶೋಧಕರು 541 ಖಾಲಿ ಸೈಟುಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿನ ಸೈಟುಗಳಲ್ಲಿ ಕಸ ತೆಗೆದು, ನೆಲ ಮಟ್ಟ ಮಾಡಿ, ಹುಲ್ಲು ಹಾಸಿ, ಕೆಲವು ಮರ ನೆಟ್ಟು, ತಗ್ಗಾದ ಮರದ ಬೇಲಿ ಹಾಕಿದರು. ಎರಡನೇ ಗುಂಪಿನಲ್ಲಿ ಬರೀ ಕಸ ಎತ್ತಿ ಕಳೆ ಕತ್ತರಿಸಿದರು. ಮೂರನೆಯದನ್ನು ಹಾಗೇ ಬಿಟ್ಟರು. 2018ರಲ್ಲಿ ಫಲಿತಾಂಶ ಬಂತು. ಹಸಿರು ಮಾಡಿದ ಸೈಟುಗಳ ಹತ್ತಿರ ಇದ್ದವರಲ್ಲಿ, ಮನಸ್ಸು ಕುಗ್ಗಿದೆ ಅಂತ ಹೇಳುವವರ ಪ್ರಮಾಣ ಹಾಗೇ ಬಿಟ್ಟ ಸೈಟುಗಳಿಗೆ ಹೋಲಿಸಿದರೆ ಶೇ. 41.5ರಷ್ಟು ಇಳಿದಿತ್ತು. ಬಡತನ ಜಾಸ್ತಿ ಇರುವ ಕಡೆ ಬಂದೂಕಿನ ಹಿಂಸೆ ಸುಮಾರು ಶೇ. 29ರಷ್ಟು ಕಡಿಮೆಯಾಗಿತ್ತು. ಬರೀ ಕಸ ಎತ್ತಿದ ಕಡೆ ಜನರ ಮನಸ್ಸಿನ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆ ಬೇಲಿಯನ್ನು ಸ್ವಲ್ಪ ಗಮನಿಸಿ. ಸೊಂಟದೆತ್ತರಕ್ಕೂ ಬಾರದ ಎರಡು ಅಡ್ಡಪಟ್ಟಿ, ನಡುವೆ ಒಳಗೆ ಹೋಗಲು ಸಂದಿ. ಯಾರನ್ನೂ ತಡೆಯುವ ಬೇಲಿ ಅದಲ್ಲ. ಗಾಡಿ ತಂದು ಕಟ್ಟಡದ ಮಣ್ಣು ಸುರಿಯುವವನಿಗೆ ಮಾತ್ರ ಅಡ್ಡ. ಮಗು ನುಸುಳಿ ಹೋಗಬಹುದು, ಅಜ್ಜ ಅದರ ಮೇಲೆ ಕೈಯೂರಿ ನಿಲ್ಲಬಹುದು. ಮುಖ್ಯವಾಗಿ, ಇದನ್ನು ನೋಡಿಕೊಳ್ಳುವವರು ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ. ಎತ್ತರದ ಜಾಲರಿ ಹಾಕಿ ಬೀಗ ಜಡಿದರೆ ಅದೇ ಸೈಟು ಮತ್ತೆ ಯಾರದೋ ಜಾಗ ಆಗಿಬಿಡುತ್ತೆ, ಜಾಲರಿ ಮೇಲಿಂದ ಕಸದ ಚೀಲ ಹಾರಿ ಬೀಳುತ್ತೆ. ಇದಕ್ಕೆ ದೊಡ್ಡ ಕಲಾವಿದರು ಬೇಕಿಲ್ಲ. ಬೇಲಿಯ ಪಟ್ಟಿಗಳಿಗೆ ಬಣ್ಣ ಹಚ್ಚಲು, ಕೂರುವ ಕಟ್ಟೆಗೆ ಹೆಂಚಿನ ಚೂರು ಅಂಟಿಸಲು ಬೀದಿಯ ಮಕ್ಕಳು ಸಾಕು.

ಕೈ ಹಾಕುವ ಮುಂಚೆ ಸೈಟು ಯಾರದು ಅಂತ ತಿಳಿಯಿರಿ. ತೆರಿಗೆ ದಾಖಲೆ, ನೋಂದಣಿ ಕಚೇರಿ, ಹಳೇ ನೆರೆಯವರ ನೆನಪು, ಮೂರನ್ನೂ ಕೆದಕಬೇಕು. ಮಾಲೀಕರು ಸಿಕ್ಕರೆ ಬಾಯಿಮಾತಿನ ಒಪ್ಪಿಗೆಗೆ ತೃಪ್ತರಾಗಬೇಡಿ, ಒಂದು ಪುಟದ ಪತ್ರ ಬರೆಸಿಕೊಳ್ಳಿ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಎಂಬ ಊರಲ್ಲಿ ಉಕ್ಕಿನ ಕಾರ್ಖಾನೆ 1999ರಲ್ಲಿ ಮುಚ್ಚಿತ್ತು, ಪೇಟೆ ಬೀದಿಯಲ್ಲಿ ಅಂಗಡಿಗಳೆಲ್ಲ ಖಾಲಿ ಬಿದ್ದಿದ್ದವು. 2008ರಲ್ಲಿ ಮಾರ್ಕಸ್ ವೆಸ್ಟ್‌ಬರಿ ಎಂಬವರು ಕಟ್ಟಿದ ಸಂಸ್ಥೆ ಮಾಲೀಕರಿಗೆ ಹೇಳಿದ್ದು ಇಷ್ಟೇ: ‘ಬಾಡಿಗೆ ಕರಾರು ಬೇಡ, ಮೂವತ್ತು ದಿನದ ಪರವಾನಗಿ ಕೊಡಿ. ನಿಮಗೆ ನಿಜವಾದ ಬಾಡಿಗೆದಾರ ಸಿಕ್ಕಿದ ದಿನ ನಾವು ಬಿಟ್ಟುಕೊಡುತ್ತೇವೆ, ಅಲ್ಲಿವರೆಗೆ ತಿಂಗಳು ತಿಂಗಳು ಮುಂದುವರಿಯಲಿ.’ ಮಾಲೀಕರ ಭಯ ಇಳಿಯಿತು, ಬಾಗಿಲುಗಳು ತೆರೆದವು. ಕುಶಲಕರ್ಮಿಗಳು, ಕಲಾವಿದರು ಒಳಗೆ ಬಂದರು. ಬೀಗ ಹಾಕಿದ ಮನೆಗಳ ಮುಂಗೋಣೆಗೆ ಈ ದಾರಿ ನಿಮಗೂ ಒಗ್ಗಬಹುದು. ಆದರೆ ಇದರ ಮಿತಿ ಪತ್ರದಲ್ಲೇ ಇದೆ, ಅಲ್ವಾ? ಇದು ತಾತ್ಕಾಲಿಕ. ಜಾಗಕ್ಕೆ ಬೇಡಿಕೆ ಬಂದ ದಿನ ಎದ್ದು ಹೋಗುತ್ತೇವೆ ಅಂತ ನಾವೇ ಬರೆದುಕೊಟ್ಟಿರುತ್ತೇವೆ.

ಹಾಗಾಗಿ ಬಾಡಿಗೆದಾರರ ಭಯಕ್ಕೆ ಬರುತ್ತೇನೆ. ಅವರ ಭಯ ನೂರಕ್ಕೆ ನೂರು ಸರಿ. ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ಜನ ಬಿಟ್ಟುಹೋದ ಕಟ್ಟಡಗಳು ಸುಟ್ಟು, ಕುಸಿದು ಸಾವಿರಾರು ಸೈಟು ಖಾಲಿಯಾದವು. 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಅಂಥ ಒಂದು ಸೈಟನ್ನು ತೋಟ ಮಾಡಿದರು. ನೋಡ್ತಾ ನೋಡ್ತಾ ನಗರದ ಉದ್ದಗಲಕ್ಕೂ ನೂರಾರು ತೋಟಗಳಾದವು. ಜನ ಸ್ವಂತ ಬೆವರು ಸುರಿಸಿ ಅವನ್ನು ಬೆಳೆಸಿದ್ದರು. ನೆಲ ಮಾತ್ರ ನಗರಾಡಳಿತದ್ದೇ. 1999ರಲ್ಲಿ ಜಾಗದ ಬೆಲೆ ಏರಿದಾಗ ಆಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಿತು. ಹರಾಜಿಗೆ ಸ್ವಲ್ಪ ಮುಂಚೆ ಎರಡು ಸೇವಾ ಸಂಸ್ಥೆಗಳು ಹಣ ಹೊಂದಿಸಿ ಕೊಂಡುಕೊಂಡದ್ದರಿಂದ ಅವು ಉಳಿದವು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಅಮೆರಿಕದ್ದೇ ಬಾಸ್ಟನ್ ನಗರದ ಡಡ್ಲಿ ಸ್ಟ್ರೀಟ್ ಸುತ್ತಲಿನವರು ಬೇರೆ ದಾರಿ ಹಿಡಿದರು. ಅವರ ಪ್ರದೇಶದಲ್ಲಿ ಸುಮಾರು ಮೂರನೇ ಒಂದು ಭಾಗ ನೆಲ ಖಾಲಿ ಬಿದ್ದಿತ್ತು, ಹೊರಗಿನವರು ಬಂದು ಅಲ್ಲಿ ಕಸ ಸುರಿಯುತ್ತಿದ್ದರು. 1984ರಲ್ಲಿ ಸಂಘಟನೆ ಶುರುವಾಯಿತು. ಮೊದಲು ತಯಾರಾದ ಆಡಳಿತ ಸಮಿತಿಯಲ್ಲಿ ಸಂಸ್ಥೆಗಳವರೇ ತುಂಬಿದ್ದರು, ನಿವಾಸಿಗಳು ಬೆರಳೆಣಿಕೆಯಷ್ಟು. ಜನ ಸಭೆಯಲ್ಲೇ ಎದ್ದು ಪ್ರಶ್ನಿಸಿದರು. ಸಮಿತಿಯಲ್ಲಿ ಬಹುಮತ ನಿವಾಸಿಗಳಿಗೇ ಬಂತು. ಮೊದಲ ಹೋರಾಟ ಕಸದ ವಿರುದ್ಧ. ಅದರಲ್ಲಿ ಗೆದ್ದ ಧೈರ್ಯದಿಂದ ಭೂಮಿಗೆ ಕೈ ಹಾಕಿದರು. 1988ರಲ್ಲಿ ಪಾಳುಬಿದ್ದ ಖಾಸಗಿ ನೆಲವನ್ನು ಪರಿಹಾರ ಕೊಟ್ಟು ಸ್ವಾಧೀನ ಮಾಡಿಕೊಳ್ಳುವ ಅಧಿಕಾರವನ್ನೇ ನಗರದಿಂದ ಪಡೆದರು. ಸಾಮಾನ್ಯವಾಗಿ ಸರ್ಕಾರದ ಕೈಯಲ್ಲಿರುವ ಅಧಿಕಾರ ಅದು. ಆ ನೆಲ ಭೂ ಟ್ರಸ್ಟಿನ ಹೆಸರಿಗೆ ಹೋಯಿತು. ಅದರ ಮೇಲೆ ಮನೆ, ಆಟದ ಜಾಗ, ತೋಟ ಬಂದವು.

ಭೂ ಟ್ರಸ್ಟಿನ ಲೆಕ್ಕಾಚಾರ ಸರಳ. ನೆಲ ಟ್ರಸ್ಟಿನದು, ಅದನ್ನು ಮಾರುವಂತಿಲ್ಲ. ಮೇಲಿನ ಮನೆ ಕುಟುಂಬದ್ದು. ಕುಟುಂಬ ಮನೆ ಮಾರಬಹುದು, ಆದರೆ ಮೊದಲೇ ಒಪ್ಪಿದ ಸೂತ್ರದ ಬೆಲೆಗೆ. ಏರಿಯಾಕ್ಕೆ ಎಷ್ಟೇ ಹೆಸರು ಬಂದರೂ ಆ ಮನೆ ಮುಂದಿನ ಸಾಮಾನ್ಯ ಕುಟುಂಬಕ್ಕೂ ಕೈಗೆಟಕುತ್ತೆ. ಈ ಪದ್ಧತಿ 1969ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ನೆಲ ಕಳೆದುಕೊಳ್ಳುತ್ತಿದ್ದ ಕಪ್ಪು ಜನಾಂಗದ ರೈತರ ನಡುವೆ, ನಾಗರಿಕ ಹಕ್ಕುಗಳ ಹೋರಾಟದಲ್ಲೇ ಹುಟ್ಟಿದ್ದು. ನಿಮ್ಮಲ್ಲಿ ಕಾನೂನು ಬೇರೆ ಇರಬಹುದು. ಟ್ರಸ್ಟ್, ಸಹಕಾರ ಸಂಘ, ದೀರ್ಘಾವಧಿ ಗುತ್ತಿಗೆ, ಯಾವುದಾದರೂ ಒಂದು ರೂಪ ಹುಡುಕಿ. ಆದರೆ ಬೆಲೆ ಏರುವ ಮೊದಲೇ ಹುಡುಕಿ. ಪಾಳುಬಿದ್ದ ಕಾಲದಲ್ಲಿ ಮಾಲೀಕರೂ ಆಡಳಿತವೂ ನಿಮ್ಮ ಮಾತು ಕೇಳುತ್ತಾರೆ. ಗೋಡೆಚಿತ್ರ ಎಲ್ಲರ ಮೊಬೈಲಿಗೂ ಹರಿದಾಡಿದ ಮೇಲೆ ಯಾರೂ ಕೇಳುವುದಿಲ್ಲ. ಬಣ್ಣ ಕೊನೆಗೆ ಬರಲಿ ಅಂತ ನಾನು ಹಠ ಹಿಡಿದಿರುವುದು ಇದಕ್ಕೇ.

ನೆಲ ಸಿಗುವವರೆಗೆ ಕೂಡ ಬಾಡಿಗೆದಾರರಿಗಾಗಿ ಮಾಡಬಹುದಾದ್ದು ಇದೆ. ನಿಮ್ಮ ಸಮಿತಿಯಲ್ಲಿ ಅವರಿಗೆ ಮಾಲೀಕರಷ್ಟೇ ಜಾಗ ಕೊಡಿ. ಯಾವ ಮಾಲೀಕರ ಗೋಡೆ ರಿಪೇರಿ ಮಾಡಿ ಚಿತ್ರ ಬರೆಯುತ್ತೀರೋ, ಅವರಿಂದ ಒಂದು ಮಾತು ಬರಹದಲ್ಲಿ ಪಡೆಯಿರಿ: ಇಷ್ಟು ವರ್ಷ ಈಗಿರುವವರನ್ನು ಬಿಡಿಸುವುದಿಲ್ಲ, ಬಾಡಿಗೆ ಇಷ್ಟಕ್ಕಿಂತ ಏರಿಸುವುದಿಲ್ಲ. ಪುಕ್ಕಟೆ ಗೋಡೆ ರಿಪೇರಿ ಆಗುತ್ತಿರುವಾಗ ಒಪ್ಪುವವರು ಸಿಗುತ್ತಾರೆ. ಒಪ್ಪದವರ ಗೋಡೆಯನ್ನು ಹಾಗೇ ಬಿಡಿ.

‘ಹೊಟ್ಟೆ ತುಂಬುತ್ತಾ’ ಅಂತ ಕೇಳಿದ ಹಿರಿಯರಿಗೆ ನೇರ ಉತ್ತರ ಅಮೆರಿಕದ ಹ್ಯೂಸ್ಟನ್ ನಗರದಲ್ಲಿದೆ. 1990ರ ಸುಮಾರಿಗೆ ರಿಕ್ ಲೋ ಅನ್ನುವ ಕಲಾವಿದ ಬಡವರ ಕಷ್ಟದ ಬಗ್ಗೆ ಚಿತ್ರ ಬರೆಯುತ್ತಿದ್ದರು. ಅವರ ಸ್ಟುಡಿಯೋಗೆ ಬಂದ ಶಾಲಾ ಹುಡುಗನೊಬ್ಬ, ನಮ್ಮ ಕಷ್ಟ ನಮಗೆ ಗೊತ್ತೇ ಇದೆ, ನೀವು ಕಲಾವಿದರು ಅಲ್ವಾ, ಪರಿಹಾರ ಯಾಕೆ ಸೃಷ್ಟಿಸಬಾರದು ಅನ್ನುವ ಅರ್ಥದ ಮಾತು ಕೇಳಿದ. 1993ರಲ್ಲಿ ಲೋ ಮತ್ತು ಜೊತೆಗಾರ ಕಲಾವಿದರು ಥರ್ಡ್ ವಾರ್ಡ್ ಬಡಾವಣೆಯಲ್ಲಿ ಪಾಳುಬಿದ್ದಿದ್ದ 22 ಪುಟ್ಟ ಸಾಲುಮನೆಗಳನ್ನು ಹಿಡಿದು ಕೆಲಸ ಶುರು ಮಾಡಿದರು. ಕೆಲವು ಮನೆಗಳಲ್ಲಿ ಕಲಾ ಪ್ರದರ್ಶನ ನಡೆಯಿತು. ಮತ್ತೆ ಕೆಲವು ಮನೆಗಳನ್ನು ಓದು ಮುಂದುವರಿಸಲು ಒದ್ದಾಡುತ್ತಿದ್ದ, ಒಬ್ಬಂಟಿಯಾಗಿ ಮಕ್ಕಳನ್ನು ಸಾಕುತ್ತಿದ್ದ ಯುವ ತಾಯಂದಿರಿಗೆ ಕೊಟ್ಟರು. ಆಮೇಲೆ ಅದೇ ಬಳಗ ಕೈಗೆಟಕುವ ಬಾಡಿಗೆಯ ಮನೆಗಳನ್ನೂ ಕಟ್ಟಿತು. ಕಲೆ ಯಾವುದು, ಸಂಸಾರ ಯಾವುದು ಅಂತ ಅಲ್ಲಿ ಗೆರೆ ಎಳೆಯಲಿಲ್ಲ. ನಿಮ್ಮ ಹಿರಿಯರ ಪ್ರಶ್ನೆಯನ್ನು ಇದೇ ಗಂಭೀರತೆಯಿಂದ ತೆಗೆದುಕೊಳ್ಳಿ. ಗಾರೆ ಕೆಲಸ, ಬಡಗಿ ಕೆಲಸ, ಹೊಲಿಗೆ ಗೊತ್ತಿರುವವರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಕೂಲಿ ಅವರಿಗೆ ಹೋಗಲಿ. ಹೊರಗಿನ ಕಲಾವಿದರಿಗೆ ಸಂಭಾವನೆ, ಬೀದಿಯವರದ್ದು ಬಿಟ್ಟಿ ಸೇವೆ ಅನ್ನುವ ಏರ್ಪಾಟು ಮಾತ್ರ ಬೇಡವೇ ಬೇಡ.

ಮೊದಲ ಸಭೆ ಹೇಗೆ ಮಾಡೋದು ಅಂತ ಕೇಳಬಹುದು. ಕುರ್ಚಿ ಸಾಲು, ಮೈಕು ಬೇಡ. ಅಲ್ಲಿ ಮಾತಾಡುವವರೇ ಮಾತಾಡುತ್ತಾರೆ. ಬಡಾವಣೆಯ ದೊಡ್ಡ ನಕ್ಷೆಯನ್ನು ಕೈಯಲ್ಲೇ ಬರೆದು ನೆಲದ ಮೇಲೆ ಹಾಸಿ, ಜನ ಓಡಾಡುವ ತಿರುವಿನಲ್ಲಿ, ಸಂಜೆ ಹೊತ್ತಲ್ಲಿ. ಹೋಗಿ ಬರುವವರಿಗೆ ಸೀಮೆಸುಣ್ಣ ಕೊಟ್ಟು, ನೀವು ದಿನಾ ಯಾವ ದಾರೀಲಿ ಹೋಗ್ತೀರಿ, ಎಲ್ಲಿ ಸುತ್ತು ಹಾಕಿ ಹೋಗ್ತೀರಿ ಅಂತ ಗೆರೆ ಎಳೆಸಿ. ಸುತ್ತು ಹಾಕುವ ಜಾಗವೇ ಮುಖ್ಯ. ನಾನು ಇದನ್ನು ಮಾಡಿದ ಕಡೆಯೆಲ್ಲ ಗಂಡಸರ ಗೆರೆ ನೇರವಾಗಿ ಹೋಗಿದೆ, ಹೆಂಗಸರ ಮತ್ತು ಮಕ್ಕಳ ಗೆರೆ ಒಂದೆರಡು ಓಣಿಗಳನ್ನು ಬಳಸಿಕೊಂಡು ಹೋಗಿದೆ. ಯಾಕೆ ಅಂತ ಕೇಳಿದರೆ ದೀಪ ಇಲ್ಲ, ಪಾಳುಮನೆಯ ಬಾಗಿಲು ಮುರಿದಿದೆ, ಮೂಲೆಯಲ್ಲಿ ಕುಡಿಯುವವರು ಕೂರುತ್ತಾರೆ ಅಂತ ಒಂದೊಂದೇ ಹೊರಬೀಳುತ್ತೆ. ಆ ಗೆರೆಗಳು ದೂರ ಇಟ್ಟ ಜಾಗದಲ್ಲೇ ನಿಮ್ಮ ಮೊದಲ ಕೆಲಸ ಆಗಲಿ. ಕೆಲವೇ ವಾರಗಳಲ್ಲಿ ಮುಗಿಯುವಷ್ಟು ಚಿಕ್ಕದಿರಲಿ. ಬಡಾವಣೆಯ ಜನ ಆಶ್ವಾಸನೆ ಕೇಳಿ ಕೇಳಿ ಸಾಕಾಗಿರುತ್ತಾರೆ. ಒಂದು ಕೆಲಸ ಕಣ್ಣೆದುರು ಮುಗಿದದ್ದು ನೋಡಿದರೆ ಎರಡನೇ ಸಭೆಗೆ ತಾವಾಗೇ ಬರುತ್ತಾರೆ.

ಗೋಡೆಗೆ ಬಂದಾಗ ಎರಡು ಮಾತು. ಹಳೇ ಗೋಡೆಯಲ್ಲಿ ಬುಡದಿಂದ ಬಿಳಿ ಪುಡಿಯಂತೆ ಉಪ್ಪು ಎದ್ದಿದ್ದರೆ ಒಳಗೆ ನೀರು ಏರುತ್ತಿದೆ ಅಂತ. ಅದರ ಮೇಲೆ ಎಷ್ಟು ಒಳ್ಳೆ ಬಣ್ಣ ಹಚ್ಚಿದರೂ ಒಂದು ಮಳೆಗಾಲದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತೆ. ಮೊದಲು ಸೋರುವ ಪೈಪು, ಚರಂಡಿ ಸರಿ ಮಾಡಿ, ಗೋಡೆ ಒಣಗಲು ಬಿಡಿ. ಹೊಸ ಸಿಮೆಂಟ್ ಗಾರೆಯಾದರೆ ನಾಲ್ಕು ವಾರವಾದರೂ ಕಾಯಿರಿ. ಇನ್ನೊಂದು, ಏಣಿ ಹತ್ತಲಾಗದವರನ್ನು ಬಿಟ್ಟುಬಿಡಬೇಡಿ. ಫಿಲಡೆಲ್ಫಿಯಾದ ಗೋಡೆಚಿತ್ರ ಸಂಸ್ಥೆ 1984ರಿಂದ ಸಾವಿರಾರು ಚಿತ್ರ ಮಾಡಿದೆ. ಅವರು ಎಷ್ಟೋ ಚಿತ್ರಗಳನ್ನು ಗೋಡೆ ಮೇಲೆ ಬರೆಯುವುದೇ ಇಲ್ಲ. ತೆಳುವಾದ ಬಟ್ಟೆಯ ಚೌಕಗಳ ಮೇಲೆ ನಕ್ಷೆ ಬರೆದು, ಪ್ರತಿ ಭಾಗಕ್ಕೂ ಬಣ್ಣದ ನಂಬರು ಹಾಕಿ, ಮೇಜಿನ ಸುತ್ತ ಕೂತವರಿಗೆ ಹಂಚುತ್ತಾರೆ. ಚಕ್ರಕುರ್ಚಿಯಲ್ಲಿ ಇರುವವರು, ಅಜ್ಜಿಯರು, ಜೈಲಿನಲ್ಲಿ ಇರುವವರು ಕೂಡ ಬಣ್ಣ ತುಂಬುತ್ತಾರೆ. ಆಮೇಲೆ ಆ ಚೌಕಗಳನ್ನು ಗೋಡೆಗೆ ಅಂಟಿಸುತ್ತಾರೆ. ನಿಮ್ಮ ‘ಹೊಟ್ಟೆ ತುಂಬುತ್ತಾ’ ಹಿರಿಯರನ್ನು ಆ ಮೇಜಿಗೆ ಕರೆಯಿರಿ. ಯಾವ ಚಿತ್ರ ಅನ್ನುವುದನ್ನೂ ಅವರೇ ಹೇಳಲಿ. ಮುಚ್ಚಿದ ಕಾರ್ಖಾನೆಯ ಪಾಳಿ ಗಂಟೆ ಹೇಗೆ ಕೇಳುತ್ತಿತ್ತು, ಯಾರು ಎಲ್ಲಿ ಕೂತು ಊಟ ಮಾಡುತ್ತಿದ್ದರು ಅನ್ನುವುದೆಲ್ಲ ಗೊತ್ತಿರುವುದು ಅವರಿಗೇ.

ಕೊನೆಯದಾಗಿ ಬಣ್ಣ ಕೊಡುವವರ ವಿಷಯ. ಅವರ ಹತ್ತಿರ ಮೂರು ಮಾತು ಈಗಲೇ ಖಚಿತ ಮಾಡಿಕೊಳ್ಳಿ. ತಾರೀಕು ಬೀದಿಯವರು ಹೇಳಿದ್ದು. ಚಿತ್ರದೊಳಗೆ ಕಂಪನಿಯ ಗುರುತು ಇರುವುದಿಲ್ಲ, ಬೇಕಿದ್ದರೆ ಕೆಳಗೆ ಒಂದು ಸಣ್ಣ ಫಲಕ. ಮತ್ತು ಕೊಡುವ ಹಣದಲ್ಲಿ ಒಂದು ಪಾಲು ಮುಂದಿನ ವರ್ಷಗಳ ನಿರ್ವಹಣೆಗೆ, ಸಮಿತಿಯ ಖಾತೆಯಲ್ಲಿ. ಹುಲ್ಲು ಕತ್ತರಿಸಲು, ಮುರಿದ ಬೇಲಿ ಸರಿ ಮಾಡಲು, ಮಾಸಿದ ಬಣ್ಣ ತಿದ್ದಲು ಹಣ ಬೇಕೇ ಬೇಕು. ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ. ಬಣ್ಣ ಎಲ್ಲಾದರೂ ಸಿಗುತ್ತೆ. ಈ ವಾರ ನಿಮ್ಮಲ್ಲಿ ಇಬ್ಬರು ಸೈಟಿನ ದಾಖಲೆ ಹುಡುಕಲು ಹೋಗಿ, ಉಳಿದವರು ನಕ್ಷೆ ಬರೆಯಲು ಕೂತುಕೊಳ್ಳಿ.